ಕೂಗಳತೆ ಅಂದರೆ ಎಷ್ಟು ದೂರ? ಶಬ್ದದ ಅಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರದ ಕಡೆ ಹಳ್ಳಿಯಲ್ಲಿ ದಾರಿ ಕೇಳಿದರೆ ಹಿರಿಯರು ಈಗಲೂ "ದೂರ ಏನಿಲ್ಲ, ಒಂದು ಕೂಗಳತೆ" ಅನ್ನುತ್ತಾರೆ. ಇಲ್ಲಿ ನಿಂತು ಕೂ ಹಾಕಿದರೆ ಅಲ್ಲಿ ಕೇಳಬೇಕು, ಅಷ್ಟು ದೂರ. ನಾನು ಕುಮಟಾ ಹತ್ತಿರ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಬ್ದದ ಪಾಠವನ್ನು ಈ ಒಂದು ಪದದಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಕೂಗಳತೆ ಮಧ್ಯಾಹ್ನ ಒಂದಿದ್ದರೆ ರಾತ್ರಿ ಇನ್ನೊಂದು. ಗಾಳಿ ಬೀಸುವ ದಿಕ್ಕು ಬದಲಾದರೆ ಅದೂ ಬದಲಾಗುತ್ತದೆ. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದರೆ ಶಬ್ದದ ಭೌತಶಾಸ್ತ್ರ ಮುಕ್ಕಾಲು ಪಾಲು ಅದರೊಳಗೇ ಸಿಗುತ್ತದೆ. ಮಕ್ಕಳು, ಅವರ ಮನೆಯವರು, ಬೋಟಿಗೆ ಹೋಗುವವರು, ಆಟ (ಯಕ್ಷಗಾನ) ನೋಡುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಶಬ್ದ ಅಂದರೆ ಗಾಳಿ ಹರಿದು ಬರುವುದಾ?

ಅಲ್ಲ. ಗಾಳಿ ಇದ್ದಲ್ಲೇ ಇರುತ್ತದೆ, ನಡುಕ ಮಾತ್ರ ಮುಂದೆ ಹೋಗುತ್ತದೆ.

ಶಿರಸಿಯ ಮಾರಿಕಾಂಬಾ ಜಾತ್ರೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ರಥದ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ಹಿಂದಿನಿಂದ ಯಾರೋ ಒಬ್ಬರು ನೂಕುತ್ತಾರೆ. ಆ ನೂಕು ನಿಮ್ಮ ಬೆನ್ನಿಗೆ ತಾಗುತ್ತದೆ, ನೀವು ಮುಂದಿನವರ ಮೇಲೆ ವಾಲುತ್ತೀರಿ, ಮತ್ತೆ ನೆಟ್ಟಗೆ ನಿಲ್ಲುತ್ತೀರಿ. ನೂಕು ಮಾತ್ರ ಸಾಲಿನ ಕೊನೆಯವರೆಗೂ ಹೋಯಿತು. ನೂಕಿದವರು ಎಲ್ಲಿದ್ದರೋ ಅಲ್ಲೇ ಇದ್ದಾರೆ, ನೀವೂ ಅಲ್ಲೇ ಇದ್ದೀರಿ.

ಗಾಳಿಯ ಕಣಗಳು ಮಾಡುವುದೂ ಇದನ್ನೇ. ಚಂಡೆಗೆ ಕೋಲು ಬಿದ್ದಾಗ ಅದರ ಚರ್ಮ ಹೊರಗೆ ಉಬ್ಬಿ ಪಕ್ಕದ ಗಾಳಿಯನ್ನು ಒತ್ತುತ್ತದೆ, ಒಳಗೆ ತಗ್ಗಿ ಸಡಿಲ ಬಿಡುತ್ತದೆ. ಒತ್ತು, ಸಡಿಲು, ಒತ್ತು, ಸಡಿಲು. ಹೀಗೆ ನಿಮ್ಮ ಕಿವಿಯ ತಮಟೆಯವರೆಗೂ ಸಾಗುತ್ತದೆ. ಒಂದು ಸೆಕೆಂಡಿಗೆ ಎಷ್ಟು ಸಲ ಹೀಗಾಗುತ್ತದೆ ಅನ್ನುವುದೇ ಆವರ್ತನ, ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ನಮ್ಮ ಕಿವಿಗೆ ಸುಮಾರು 20ರಿಂದ 20,000 ಹರ್ಟ್ಜ್ ವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತದೆ.

ನೂಕಲು ಜನವೇ ಇಲ್ಲದಿದ್ದರೆ ನೂಕೂ ಇಲ್ಲ, ಅಲ್ವಾ? ಹಾಗೆಯೇ ಗಾಳಿ, ನೀರು, ಗಟ್ಟಿ ವಸ್ತು ಯಾವುದೂ ಇಲ್ಲದ ಕಡೆ ಶಬ್ದ ಹೋಗುವುದಿಲ್ಲ. 1660ರಲ್ಲಿ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯಲ್ಲಿ ಗಡಿಯಾರ ಇಟ್ಟು ಗಾಳಿ ಹೊರಗೆ ಎಳೆದು ತೋರಿಸಿದ ಪ್ರಯೋಗ ಇದೇ. ಗಾಳಿ ಕಮ್ಮಿಯಾದಂತೆ ಟಿಕ್ ಟಿಕ್ ಸದ್ದು ಕ್ಷೀಣವಾಗುತ್ತಾ ಹೋಯಿತು.

ಕಾರವಾರದ ಕಡಲತೀರದಲ್ಲಿ ಕಾಣುವ ಅಲೆಯೂ ಶಬ್ದದ ಅಲೆಯೂ ಒಂದೇನಾ?

ಅರ್ಧ ಒಂದೇ. ಟ್ಯಾಗೋರ್ ಬೀಚಿನಲ್ಲಿ ನಿಂತು, ಅಲೆ ಒಡೆಯುವ ಜಾಗಕ್ಕಿಂತ ಸ್ವಲ್ಪ ಆಚೆ ತೇಲುವ ಒಂದು ತೆಂಗಿನಕಾಯಿಯನ್ನು ನೋಡಿ. ಅಲೆ ಬಂದಾಗ ಏಳುತ್ತದೆ, ಹೋದಾಗ ಇಳಿಯುತ್ತದೆ. ಅಲೆಯ ಜೊತೆ ಓಡಿ ದಡಕ್ಕೆ ಬರುವುದಿಲ್ಲ. ಶಬ್ದದಲ್ಲಿಯೂ ಇದೇ ಕಥೆ. ವ್ಯತ್ಯಾಸ ಅಲುಗಾಟದ ದಿಕ್ಕಿನಲ್ಲಿ. ಕಾಯಿ ಮುಖ್ಯವಾಗಿ ಮೇಲೆ ಕೆಳಗೆ ಆಡುತ್ತದೆ. ಗಾಳಿಯ ಕಣ ಶಬ್ದ ಹೋಗುವ ದಿಕ್ಕಿನಲ್ಲೇ ಹಿಂದೆ ಮುಂದೆ ಆಡುತ್ತದೆ.

ಶಬ್ದದ ವೇಗ ಎಷ್ಟು?

ಸೊನ್ನೆ ಡಿಗ್ರಿಯ ಗಾಳಿಯಲ್ಲಿ ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿ ಬಿಸಿ ಏರಿದಂತೆ ಸುಮಾರು 0.6 ಮೀಟರ್ ಜಾಸ್ತಿಯಾಗುತ್ತದೆ. 25 ಡಿಗ್ರಿಗೆ 346.

ಜೂನ್ ಮೊದಲ ಸಿಡಿಲಿನಲ್ಲಿ ಇದನ್ನು ಬಳಸಿ. ಮಿಂಚು ಕಂಡ ತಕ್ಷಣ ಎಣಿಸಲು ಶುರು ಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಪ್ರತಿ ಸಲ ಕಮ್ಮಿಯಾಗುತ್ತಿದ್ದರೆ ಸಿಡಿಲು ಹತ್ತಿರ ಬರುತ್ತಿದೆ ಎಂದರ್ಥ. ಆದರೆ ಗುಡುಗು ಕೇಳುತ್ತಿದೆ ಎಂದರೇ ಸಿಡಿಲು ಬೀಳಬಹುದಾದ ದೂರದಲ್ಲಿ ನೀವಿದ್ದೀರಿ. ಗದ್ದೆಯಲ್ಲಿದ್ದರೆ ಲೆಕ್ಕ ಬಿಟ್ಟು ಮೊದಲು ಮನೆ ಸೇರಿ.

ಈ ವೇಗವನ್ನು ಲೆಕ್ಕದಿಂದಲೇ ಕಂಡುಹಿಡಿಯಲು ನ್ಯೂಟನ್ 1687ರಲ್ಲೇ ಪ್ರಯತ್ನಿಸಿದ್ದ. ಅವನಿಗೆ ಬಂದ ಉತ್ತರ ನಿಜವಾದ ವೇಗಕ್ಕಿಂತ ಸುಮಾರು ಶೇಕಡಾ 15 ಕಮ್ಮಿ. ಒತ್ತಿದಾಗ ಗಾಳಿ ಸ್ವಲ್ಪ ಬಿಸಿಯಾಗುತ್ತದೆ, ಆ ಬಿಸಿ ಹರಡಿಹೋಗುವಷ್ಟು ಸಮಯ ಶಬ್ದ ಕೊಡುವುದಿಲ್ಲ. ಇದನ್ನು ಲೆಕ್ಕಕ್ಕೆ ಸೇರಿಸಿ ಸರಿಮಾಡಿದ್ದು ಲಪ್ಲಾಸ್, ಹತ್ತಿರ ಹತ್ತಿರ 130 ವರ್ಷದ ಮೇಲೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲ, ಅದೇ ಬಿಸಿ ಇದು.

ಘಟ್ಟದ ಮೇಲೆ ಗಾಳಿ ತೆಳು. ಹಾಗಾದರೆ ಶಿರಸಿಯಲ್ಲಿ ಶಬ್ದ ನಿಧಾನ ಹೋಗುತ್ತದಾ?

ಗಾಳಿ ತೆಳುವಾಗಿದೆ ಎಂಬ ಕಾರಣಕ್ಕೆ ಅಲ್ಲ. ಒತ್ತಡ ಕಮ್ಮಿಯಾದಾಗ ಗಾಳಿಯ ತೂಕವೂ ಅಷ್ಟೇ ಪ್ರಮಾಣದಲ್ಲಿ ಕಮ್ಮಿಯಾಗುತ್ತದೆ, ಎರಡೂ ಸೇರಿ ವೇಗ ಇದ್ದಷ್ಟೇ ಇರುತ್ತದೆ. ಲೆಕ್ಕಕ್ಕೆ ಬರುವುದು ಚಳಿ, ಬಿಸಿ. ಶಿರಸಿಯ 15 ಡಿಗ್ರಿಯ ಚಳಿ ಬೆಳಗಿನಲ್ಲಿ ಶಬ್ದ ಸೆಕೆಂಡಿಗೆ 340 ಮೀಟರ್ ಹೋದರೆ, ಕಾರವಾರದ 33 ಡಿಗ್ರಿಯ ಮಧ್ಯಾಹ್ನದಲ್ಲಿ 351. ತೇವ ಜಾಸ್ತಿ ಇದ್ದರೆ ವೇಗ ಒಂದು ಚೂರು ಹೆಚ್ಚು. ನೀರಿನ ಆವಿ ಒಣ ಗಾಳಿಗಿಂತ ಹಗುರ ಎನ್ನುವುದೇ ಅದಕ್ಕೆ ಕಾರಣ.

ರಾತ್ರಿ ಆಟದ ಚಂಡೆ ಅಷ್ಟು ದೂರ ಹೇಗೆ ಕೇಳುತ್ತದೆ?

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. ನಾಲ್ಕು ಊರಾಚೆ ಬಯಲಾಟ ನಡೆದಿದೆ. ಊಟ ಮುಗಿಸಿ ಜಗಲಿಯಲ್ಲಿ ಕೂತರೆ ಚಂಡೆಯ ಪೆಟ್ಟು ಪಕ್ಕದ ತೋಟದಲ್ಲೇ ಬಿದ್ದಂತೆ ಕೇಳುತ್ತದೆ. ಅದೇ ಜಾಗದಲ್ಲಿ ಹಗಲು ಬಾರಿಸಿದರೆ ಸುಳಿವೇ ಇಲ್ಲ. "ರಾತ್ರಿ ಎಲ್ಲಾ ನಿಶ್ಶಬ್ದ, ಅದಕ್ಕೆ" ಅಂತ ಹೆಚ್ಚಿನವರು ಹೇಳುತ್ತಾರೆ. ಅದು ಸರಿ, ಆದರೆ ಅರ್ಧ ಉತ್ತರ ಮಾತ್ರ. ಇನ್ನರ್ಧ ಗಾಳಿಯ ಪದರಗಳಲ್ಲಿದೆ.

ಹಗಲು ಬಿಸಿಲಿಗೆ ನೆಲ ಕಾಯುತ್ತದೆ. ನೆಲದ ಹತ್ತಿರದ ಗಾಳಿ ಬಿಸಿ, ಮೇಲೆ ಹೋದಂತೆ ತಂಪು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಇದು ತಲೆಕೆಳಗಾಗುತ್ತದೆ. ನೆಲ ಬೇಗ ತಣಿಯುತ್ತದೆ, ಗದ್ದೆ ಬಯಲಿನ ಮೇಲೆ ತಂಪು ಗಾಳಿ ಕೂತಿರುತ್ತದೆ, ಬೆಚ್ಚಗಿನ ಗಾಳಿ ಅದರ ಮೇಲೆ ಇರುತ್ತದೆ.

ಬಿಸಿ ಗಾಳಿಯಲ್ಲಿ ಶಬ್ದಕ್ಕೆ ವೇಗ ಜಾಸ್ತಿ ಎಂದು ಆಗಲೇ ನೋಡಿದೆವು. ಈಗ ಜೋಡೆತ್ತು ನೆನಪಿಸಿಕೊಳ್ಳಿ. ಒಂದು ಎತ್ತು ಬಿರುಸಾಗಿ, ಇನ್ನೊಂದು ನಿಧಾನವಾಗಿ ನಡೆದರೆ ನೊಗ ನಿಧಾನದ ಎತ್ತಿನ ಕಡೆಗೆ ತಿರುಗುತ್ತದೆ. ರಾತ್ರಿಯ ಶಬ್ದದ ಅಲೆಯಲ್ಲಿ ಮೇಲಿನ ಭಾಗ ಬಿರುಸು, ಕೆಳಗಿನ ಭಾಗ ನಿಧಾನ. ಹಾಗಾಗಿ ಅಲೆ ನೆಲದ ಕಡೆಗೆ ಬಾಗುತ್ತದೆ. ಆಕಾಶಕ್ಕೆ ಹೋಗಿ ಕಳೆದುಹೋಗಬೇಕಿದ್ದ ಚಂಡೆಯ ಪೆಟ್ಟು ಮರ, ಮನೆ ಎಲ್ಲವನ್ನೂ ದಾಟಿ ಮತ್ತೆ ಕೆಳಗೆ ಇಳಿದು ನಿಮ್ಮ ಜಗಲಿಗೆ ಬರುತ್ತದೆ. ಹಗಲು ಇದಕ್ಕೆ ಉಲ್ಟಾ. ಅಲೆ ಮೇಲಕ್ಕೆ ಬಾಗಿ ನಿಮ್ಮ ತಲೆಯ ಮೇಲಿಂದ ಹೊರಟುಹೋಗುತ್ತದೆ.

ಗಾಳಿ ಬೀಸುವ ದಿಕ್ಕಿಗೂ ಇದೇ ಲೆಕ್ಕ. ನೆಲದ ಹತ್ತಿರ ಮರ ಮನೆಗಳ ತಡೆ ಇರುವುದರಿಂದ ಗಾಳಿ ನಿಧಾನ, ಮೇಲೆ ಜೋರು. ಗಾಳಿಯ ಜೊತೆಗೆ ಹೋಗುವ ಶಬ್ದ ಕೆಳಗೆ ಬಾಗುತ್ತದೆ, ಎದುರಿಗೆ ಹೋಗುವುದು ಮೇಲೆ ಬಾಗುತ್ತದೆ. "ಗಾಳಿ ಶಬ್ದ ಹೊತ್ತುಕೊಂಡು ಬಂತು" ಎಂಬ ಮಾತಿನ ಹಿಂದೆ ಇರುವುದು ಈ ಬಾಗುವಿಕೆ.

ಇನ್ನೊಂದನ್ನು ಗಮನಿಸಿ. ದೂರದಿಂದ ಚಂಡೆ ಕೇಳುತ್ತದೆ, ಭಾಗವತರ ರಾಗವೂ ಅಷ್ಟಿಷ್ಟು ಕೇಳುತ್ತದೆ, ಪದ್ಯದ ಮಾತು ಮಾತ್ರ ತಿಳಿಯುವುದಿಲ್ಲ. ಸ, ತ, ಕ ತರಹದ ವ್ಯಂಜನಗಳು ಮೊದಲೇ ಸಣ್ಣ ಸದ್ದು, ಅವುಗಳ ಆವರ್ತನವೂ ಹೆಚ್ಚು. ಹೆಚ್ಚಿನ ಆವರ್ತನವನ್ನು ಗಾಳಿ ಬೇಗ ನುಂಗುತ್ತದೆ. ಸ್ವರಗಳು ಉಳಿಯುತ್ತವೆ, ವ್ಯಂಜನಗಳು ದಾರಿಯಲ್ಲೇ ಸವೆಯುತ್ತವೆ. ಕೂಗುವಾಗ ನಮ್ಮ ಹಿರಿಯರು ಹೆಸರು ಹಿಡಿದು ಕರೆಯದೆ ಉದ್ದಕ್ಕೆ "ಕೂ…" ಎಂದಿದ್ದು ಎಷ್ಟು ಸರಿಯಾಗಿತ್ತು ನೋಡಿ. ಮೊದಲಿನ ಕ ಸವೆದರೂ ನಷ್ಟವಿಲ್ಲ, ಉಳಿದದ್ದೆಲ್ಲಾ ಸ್ವರವೇ.

ಹಾಗಾದರೆ ಒಂದು ಕೂಗಳತೆ ಎಷ್ಟು ಮೀಟರ್?

ಲೆಕ್ಕ ಹಾಕೋಣ. ಶಬ್ದದ ಜೋರನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಈ ಅಳತೆ ಒಂದು ವಿಷಯದಲ್ಲಿ ವಿಚಿತ್ರ. 10 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ 10 ಪಟ್ಟು, 20 ಏರಿದರೆ 100 ಪಟ್ಟು. ಸಾಮಾನ್ಯ ಮಾತುಕತೆ ಸುಮಾರು 60. ಬಾಯಿ ತುಂಬಾ ಕೂಗಿದರೆ ಒಂದು ಮೀಟರ್ ದೂರದಲ್ಲಿ ಸುಮಾರು 90.

ದೂರ ಹೋದಂತೆ ಅದೇ ಶಕ್ತಿ ದೊಡ್ಡ ದೊಡ್ಡ ಗೋಳದ ಮೇಲೆ ಹರಡುತ್ತದೆ. ದೂರ 10 ಪಟ್ಟಾದರೆ 20 ಡೆಸಿಬೆಲ್ ಇಳಿಯುತ್ತದೆ. ಅಂದರೆ 10 ಮೀಟರಿಗೆ 70, 100 ಮೀಟರಿಗೆ 50, ಒಂದು ಕಿಲೋಮೀಟರಿಗೆ 30. ಹಳ್ಳಿಯ ಮೌನ ರಾತ್ರಿಯಲ್ಲಿ 30 ಡೆಸಿಬೆಲ್ ಕೇಳುತ್ತದೆ. ಹಗಲಿನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಎಲೆ, ನೆಲ, ಗಾಳಿ ಎಲ್ಲವೂ ತಮ್ಮ ಪಾಲು ನುಂಗುತ್ತವೆ, ಅದನ್ನೂ ಕಳೆಯಬೇಕು. ಹಾಗಾಗಿ ನನ್ನ ಅಂದಾಜಿನಲ್ಲಿ ದಟ್ಟ ಅಡಿಕೆ ತೋಟದೊಳಗೆ ಕೂಗಳತೆ ಕೆಲವು ನೂರು ಮೀಟರ್. ಕಣಿವೆಯ ಈಚೆಯಿಂದ ಆಚೆಗೆ, ತಂಪು ರಾತ್ರಿಯಲ್ಲಿ, ಒಂದು ಕಿಲೋಮೀಟರಿನ ಹತ್ತಿರ.

ಹತ್ತಿರದಿಂದ ಕೇಳುವವರಿಗೆ ಒಂದು ಮಾತು. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಜೋರು ಶಬ್ದದಲ್ಲಿದ್ದರೆ ಕಿವಿಗೆ ಪೆಟ್ಟು ಬೀಳುತ್ತದೆ. ಧ್ವನಿವರ್ಧಕದ ಪೆಟ್ಟಿಗೆಯ ಮುಂದೆಯೇ ಸಣ್ಣ ಮಕ್ಕಳನ್ನು ಕೂರಿಸಬೇಡಿ. ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಯಾಣದಲ್ಲಿ ಕೂಗಿದರೆ ಮರುಕೂಗು ಬರುತ್ತದೆ, ಮನೆಯ ಕೋಣೆಯಲ್ಲಿ ಯಾಕೆ ಬರುವುದಿಲ್ಲ?

ಬರುತ್ತದೆ, ನಮ್ಮ ಕಿವಿಗೆ ಬೇರೆಯಾಗಿ ಗೊತ್ತಾಗುವುದಿಲ್ಲ ಅಷ್ಟೇ. ಎರಡು ಶಬ್ದ ಬೇರೆ ಬೇರೆ ಅನಿಸಬೇಕಾದರೆ ನಡುವೆ ಸುಮಾರು 0.1 ಸೆಕೆಂಡ್ ಅಂತರ ಬೇಕು. ಅಷ್ಟರಲ್ಲಿ ಶಬ್ದ ಹೋಗಿ ಬರುವ ದೂರ 34 ಮೀಟರ್. ಅಂದರೆ ಗೋಡೆ ಕನಿಷ್ಠ 17 ಮೀಟರ್ ಆಚೆ ಇರಬೇಕು. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರದ ಕಪ್ಪು ಬಂಡೆ. ದೂರ ನಿಂತು ಕೂಗಲು ಜಾಗವೂ ಇದೆ. ಬಂಡೆ ಗಟ್ಟಿ, ಶಬ್ದವನ್ನು ನುಂಗದೆ ತಿರುಗಿಸುತ್ತದೆ. ಕೋಣೆಯಲ್ಲಿ ಬಟ್ಟೆ, ಹಾಸಿಗೆ ಇದ್ದಷ್ಟೂ ಮಾರ್ದನಿ ಕಮ್ಮಿ. ಮದುವೆಯ ಮನೆ ಖಾಲಿ ಮಾಡಿದ ಮೇಲೆ ಮಾತು ಟೊಳ್ಳು ಟೊಳ್ಳಾಗಿ ಕೇಳುವುದು ಇದಕ್ಕೇ.

ಬೋಟಿನ ಫಿಶ್ ಫೈಂಡರ್ ಕೂಡ ಮರುಕೂಗೇ ಅಂತೆ, ಹೌದಾ?

ಹೌದು. ಬೈತಖೋಲ, ತದಡಿ ಬಂದರಿನಿಂದ ಹೊರಡುವ ಬೋಟುಗಳಲ್ಲಿರುವ ಆ ಸಣ್ಣ ಪರದೆ ಮಾಡುವುದು ಇಷ್ಟೇ. ಬೋಟಿನ ತಳದಿಂದ ಕೆಳಗೆ ಒಂದು ಕೂಗು, ಆಮೇಲೆ ಮರುಕೂಗಿಗೆ ಕಾಯುವುದು. ಆ ಕೂಗು ಸಾಮಾನ್ಯವಾಗಿ 50,000 ಅಥವಾ 2,00,000 ಹರ್ಟ್ಜ್, ನಮ್ಮ ಕಿವಿಗೆ ಕೇಳದು.

ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯ ನಾಲ್ಕು ಪಟ್ಟಿಗೂ ಜಾಸ್ತಿ. ಹೋಗಿ ಬರಲು 0.04 ಸೆಕೆಂಡ್ ಹಿಡಿದರೆ ಒಟ್ಟು 60 ಮೀಟರ್, ಆಳ 30 ಮೀಟರ್. ನಡುವೆ ಮೀನಿನ ಗುಂಪು ಇದ್ದರೆ ಅದಕ್ಕಿಂತ ಮೊದಲೇ ಒಂದು ಮರುಕೂಗು ಬರುತ್ತದೆ. ತುಂಬಾ ಜಾತಿಯ ಮೀನುಗಳ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದೆ. ನೀರಿನ ನಡುವಿನ ಆ ಗಾಳಿಯೇ ಶಬ್ದವನ್ನು ಚೆನ್ನಾಗಿ ತಿರುಗಿಸುತ್ತದೆ.

"ನೀರು ಭಾರ ಅಲ್ವಾ, ಶಬ್ದ ನಿಧಾನ ಆಗಬೇಕಿತ್ತು" ಎಂದು ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ನೀರು ಭಾರ ನಿಜ, ಆದರೆ ಅದನ್ನು ಅದುಮುವುದು ಗಾಳಿಯನ್ನು ಅದುಮಿದಷ್ಟು ಸುಲಭ ಅಲ್ಲವೇ ಅಲ್ಲ. ಬಿಗಿಯಾಗಿರುವುದರಿಂದ ನೂಕು ಬೇಗ ದಾಟುತ್ತದೆ. ಇದನ್ನು ಮೊದಲು ಸರಿಯಾಗಿ ಅಳೆದವರು ಕೊಲಾಡಾನ್ ಮತ್ತು ಸ್ಟರ್ಮ್, 1826ರಲ್ಲಿ, ಜಿನೀವಾ ಸರೋವರದಲ್ಲಿ. ಒಂದು ದೋಣಿಯಿಂದ ನೀರೊಳಗೆ ಗಂಟೆ ಹೊಡೆದು ಅದೇ ಕ್ಷಣ ಮದ್ದು ಹೊತ್ತಿಸಿದರು. ದೂರದ ಇನ್ನೊಂದು ದೋಣಿಯಲ್ಲಿ ಬೆಳಕು ಕಂಡದ್ದಕ್ಕೂ ನೀರೊಳಗಿನ ಕೊಳವೆಯಲ್ಲಿ ಗಂಟೆ ಕೇಳಿದ್ದಕ್ಕೂ ಇದ್ದ ಅಂತರ ಅಳೆದರು. ಸೆಕೆಂಡಿಗೆ 1435 ಮೀಟರ್ ಬಂತು.

ಗಟ್ಟಿ ವಸ್ತುವಿನಲ್ಲಿ ಇನ್ನೂ ವೇಗ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಉದ್ದ ಪಟ್ಟಿ) ಒಂದು ತುದಿಗೆ ಕಿವಿಯಿಟ್ಟು ಇನ್ನೊಂದು ತುದಿಯಲ್ಲಿ ಉಗುರಿನಿಂದ ಕೆರೆಯಲು ಹೇಳಿ. ಗಾಳಿಯಲ್ಲಿ ಕೇಳದ ಸದ್ದು ದಬ್ಬೆಯಲ್ಲಿ ಸ್ಪಷ್ಟ. ರೈಲು ಹಳಿಯ ಮೇಲೆ ಮಾತ್ರ ಇದನ್ನು ಎಂದೂ ಮಾಡಬೇಡಿ.

ರೈಲು ದಾಟಿದ ತಕ್ಷಣ ಹಾರ್ನಿನ ಸ್ವರ ಯಾಕೆ ಇಳಿಯುತ್ತದೆ?

ಹಾರ್ನು ಬದಲಾಗಿರುವುದಿಲ್ಲ. ರೈಲು ನಮ್ಮ ಕಡೆ ಬರುವಾಗ ಒಂದೊಂದು ಅಲೆಯನ್ನೂ ಹಿಂದಿನದಕ್ಕಿಂತ ಸ್ವಲ್ಪ ಹತ್ತಿರದಿಂದ ಕಳಿಸುತ್ತದೆ. ಅಲೆಗಳು ಒತ್ತೊತ್ತಾಗುತ್ತವೆ, ಸ್ವರ ಏರುತ್ತದೆ. ದೂರ ಹೋಗುವಾಗ ಅಲೆಗಳು ವಿರಳವಾಗುತ್ತವೆ. ಕುಮಟಾ ಹೊನ್ನಾವರದ ನಡುವೆ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಬರುವ ರೈಲಿನ ಹಾರ್ನು 400 ಹರ್ಟ್ಜ್ ಎಂದುಕೊಳ್ಳಿ. ಬರುವಾಗ ನಿಮಗೆ 431 ಕೇಳುತ್ತದೆ, ಹೋಗುವಾಗ 373. ಷಡ್ಜದಿಂದ ರಿಷಭಕ್ಕೆ ಇರುವ ಅಂತರಕ್ಕಿಂತ ತುಸು ಜಾಸ್ತಿ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಇದನ್ನು ಹೇಳಿದ. 1845ರಲ್ಲಿ ಹಾಲೆಂಡಿನಲ್ಲಿ ಬಾಯ್ಸ್ ಬ್ಯಾಲಟ್ ಎಂಬ ವಿಜ್ಞಾನಿ ವಾದ್ಯದವರನ್ನು ರೈಲಿಗೆ ಹತ್ತಿಸಿ ಊದಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನ ಇದ್ದವರನ್ನು ನಿಲ್ಲಿಸಿ ಪರೀಕ್ಷಿಸಿದ.

ಕೊಡ ತುಂಬಿತು ಅಂತ ನೋಡದೆಯೇ ಹೇಗೆ ಗೊತ್ತಾಗುತ್ತದೆ?

ನನ್ನ ಅಜ್ಜಿ ಬಚ್ಚಲಿನಲ್ಲಿ ನೀರು ಬಿಟ್ಟು ಅಡುಗೆಮನೆಯಲ್ಲಿ ಇರುತ್ತಿದ್ದರು. ಸರಿಯಾಗಿ ಕಂಠದವರೆಗೆ ಬಂದಾಗ ಹೋಗಿ ನಲ್ಲಿ ನಿಲ್ಲಿಸುತ್ತಿದ್ದರು. ಕೊಡದೊಳಗೆ ಉಳಿದ ಗಾಳಿಯೇ ಇಲ್ಲಿ ವಾದ್ಯ. ನೀರು ಏರಿದಂತೆ ಗಾಳಿಯ ಜಾಗ ಸಣ್ಣದಾಗುತ್ತದೆ, ಸ್ವರ ಏರುತ್ತದೆ. ನೇರ ಕೊಳವೆಯಂಥ ಪಾತ್ರೆಯಲ್ಲಿ 30 ಸೆಂಟಿಮೀಟರ್ ಗಾಳಿ ಉಳಿದಿದ್ದರೆ ಸುಮಾರು 290 ಹರ್ಟ್ಜ್, 10 ಸೆಂಟಿಮೀಟರ್ ಉಳಿದಾಗ ಸುಮಾರು 865. "ಗುಡುಗುಡು" ಎನ್ನುತ್ತಿದ್ದದ್ದು "ಚುಳಚುಳ" ಆಗುತ್ತದೆ.

ಶಂಖ ಕಿವಿಗಿಟ್ಟರೆ ಸಮುದ್ರ ಕೇಳುವುದೂ ಇದೇ ರೀತಿ. ಶಂಖದೊಳಗೆ ಸಮುದ್ರ ಇಲ್ಲ. ಸುತ್ತಲಿನ ಸಣ್ಣಪುಟ್ಟ ಸದ್ದುಗಳಲ್ಲಿ ತನ್ನ ಗಾಳಿಗೆ ಹೊಂದುವ ಆವರ್ತನಗಳನ್ನು ಮಾತ್ರ ಶಂಖ ಜೋರು ಮಾಡುತ್ತದೆ. ಪೂರ್ತಿ ನಿಶ್ಶಬ್ದ ಕೋಣೆಯಲ್ಲಿ ಆ ಸಮುದ್ರವೂ ಸುಮ್ಮನಾಗುತ್ತದೆ. ಖಾಲಿ ಲೋಟ ಹಿಡಿದು ನೋಡಿ, ಅದರಲ್ಲೂ ಕೇಳುತ್ತದೆ.

ಮದ್ದಳೆಯ ನಡುವೆ ಕಪ್ಪು ಕರಣೆ (ಗಟ್ಟಿ ಲೇಪ) ಯಾಕೆ ಹಾಕುತ್ತಾರೆ?

ಬರೀ ಚರ್ಮಕ್ಕೆ ಬಡಿದರೆ ಮೂಲ ಸ್ವರದ ಜೊತೆ ಹುಟ್ಟುವ ಉಪಸ್ವರಗಳು 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಅದಕ್ಕೇ ಸಾಮಾನ್ಯ ಡೋಲಿಗೆ ಸದ್ದಿದೆ, ಶ್ರುತಿ ಇಲ್ಲ. ನಡುವೆ ಕರಣೆಯ ತೂಕ ಕೂತಾಗ ಉಪಸ್ವರಗಳು 2 ಪಟ್ಟು, 3 ಪಟ್ಟು ಎಂದು ಸಾಲಾಗಿ ಹೊಂದುತ್ತವೆ, ತಂತಿ ವಾದ್ಯದ ಹಾಗೆ. ಮೃದಂಗ, ತಬಲಾಗಳ ಈ ಗುಣವನ್ನು ಸಿ.ವಿ. ರಾಮನ್ 1920ರಲ್ಲೇ ಬರೆದು ಜಗತ್ತಿಗೆ ತಿಳಿಸಿದರು. ಬೆಳಕಿನ ಕೆಲಸಕ್ಕೆ ನೊಬೆಲ್ ಬಂದದ್ದು ಅದಾಗಿ 10 ವರ್ಷಕ್ಕೆ. ಕರಣೆಯನ್ನು ಪದರ ಪದರವಾಗಿ ತಿಕ್ಕಿ ಕೂರಿಸುವ ಕೈಗಳಿಗೆ ಇದು ಎಷ್ಟೋ ತಲೆಮಾರಿನ ಹಿಂದೆಯೇ ಗೊತ್ತಿತ್ತು. ಅವರ ಬಗ್ಗೆ ನನಗೆ ಅಪಾರ ಗೌರವ ಇದೆ.

ಸಭೆಯಲ್ಲಿ ಮೈಕು ಯಾಕೆ "ಕುಂಯ್" ಎನ್ನುತ್ತದೆ?

ಮೈಕಿನ ಶಬ್ದ ಸ್ಪೀಕರಿಗೆ ಹೋಗುತ್ತದೆ, ಸ್ಪೀಕರಿನದು ಮತ್ತೆ ಮೈಕಿಗೆ ಬರುತ್ತದೆ, ಪ್ರತಿ ಸುತ್ತಿಗೂ ಜೋರಾಗುತ್ತದೆ. ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಒಬ್ಬ ಹುಡುಗಿ ಪ್ರಾರ್ಥನೆ ಶುರು ಮಾಡಿದಾಗಲೆಲ್ಲ ಹೀಗಾಗಿ, ಪಾಪ, ಅವಳು ಅಳುತ್ತಾ ಕೆಳಗಿಳಿದಳು. ಸ್ಪೀಕರುಗಳು ಅವಳ ಬೆನ್ನ ಹಿಂದೆ ಇದ್ದವು. ಮೈಕಿಗಿಂತ ಮುಂದಕ್ಕೆ, ಜನರ ಕಡೆ ಮುಖ ಮಾಡಿ ಇಟ್ಟಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ.

ಮೊಬೈಲಿನಲ್ಲಿ ನನ್ನ ಧ್ವನಿ ನನ್ನದೇ ಅನಿಸುವುದಿಲ್ಲ. ಯಾಕೆ?

ಮಾತಾಡುವಾಗ ನಿಮ್ಮ ಧ್ವನಿ ಗಾಳಿಯಿಂದಲೂ ತಲೆಬುರುಡೆಯ ಮೂಳೆಯಿಂದಲೂ ಕಿವಿಗೆ ಬರುತ್ತದೆ. ಮೂಳೆ ತಗ್ಗು ಸ್ವರಗಳನ್ನು ಚೆನ್ನಾಗಿ ಒಯ್ಯುತ್ತದೆ. ರೆಕಾರ್ಡಿಂಗಿನಲ್ಲಿ ಮೂಳೆಯ ಪಾಲಿಲ್ಲ. ಬೇರೆಯವರು ದಿನಾ ಕೇಳುವುದು ಆ ಧ್ವನಿಯನ್ನೇ.

ಉಂಚಳ್ಳಿ ಜಲಪಾತಕ್ಕೆ ಕೆಪ್ಪ ಜೋಗ ಎನ್ನುವುದು ಯಾಕೆ?

ಅಘನಾಶಿನಿ ಅಲ್ಲಿ 116 ಮೀಟರ್ ಬೀಳುತ್ತದೆ. ಮಳೆಗಾಲದಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ, ಕೆಪ್ಪಾದಂತೆ ಆಗುತ್ತದೆ. ನೀರಿನ ಮೊರೆತದಲ್ಲಿ ಒಂದೇ ಸ್ವರ ಇಲ್ಲ, ಎಲ್ಲಾ ಆವರ್ತನಗಳೂ ಒಟ್ಟಿಗೆ ಇವೆ. ಹಾಗಾಗಿ ನಿಮ್ಮ ದನಿ ಯಾವ ಎತ್ತರದಲ್ಲಿದ್ದರೂ ಅದನ್ನು ಮುಚ್ಚಲು ಒಂದು ಸದ್ದು ಅಲ್ಲಿ ಸಿದ್ಧವಿರುತ್ತದೆ. ಅಲ್ಲಿ ಕೂಗಳತೆ ಎರಡು ಮಾರು.

ಯಾವ ಉಪಕರಣವೂ ಇಲ್ಲದೆ ಶಬ್ದದ ವೇಗ ಅಳೆಯಬಹುದಾ?

ಖಂಡಿತ. ದೊಡ್ಡ ಗೋಡೆ, ಅದರ ಮುಂದೆ ಖಾಲಿ ಬಯಲು, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಆಯಿತು. ನಾವು ಒಂದು ಗೋದಾಮಿನ ಗೋಡೆ ಆರಿಸಿಕೊಂಡೆವು. ಅಳತೆ ಟೇಪಿನಿಂದ 60 ಮೀಟರ್ ಅಳೆದು ನಿಂತೆವು. ಬೆಳಿಗ್ಗೆ ಏಳು ಗಂಟೆ, ಗಾಳಿ ಇರಲಿಲ್ಲ. ಎರಡು ಮರದ ತುಂಡು ಹಿಡಿದು ಒಬ್ಬ ಹುಡುಗ ಬಡಿಯಲು ಶುರು ಮಾಡಿದ. ಮರುಕೂಗು ಎರಡು ಪೆಟ್ಟಿನ ಸರಿಯಾಗಿ ನಡುವೆ ಬೀಳಬೇಕು. ಪೆಟ್ಟು, ಮರುಕೂಗು, ಪೆಟ್ಟು, ಮರುಕೂಗು, ಸಮ ತಾಳ. ತಾಳ ಕೂರಲು ಒಂದು ನಿಮಿಷ ಬೇಕಾಯಿತು. ಆಮೇಲೆ ಕಣ್ಣು ಮುಚ್ಚಿಕೊಂಡು ಬಡಿದ.

ಗೋಡೆಗೆ ಹೋಗಿ ಬರಲು 120 ಮೀಟರ್, ಮರುಕೂಗು ಬೀಳುವುದು ಸರಿಯಾಗಿ ನಡುವೆ. ಹಾಗಾಗಿ ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿನೊಳಗೆ ಶಬ್ದ 240 ಮೀಟರ್ ಹೋಗುವಷ್ಟು ಸಮಯ ಇರುತ್ತದೆ. ನಾವು 20 ಪೆಟ್ಟು ಎಣಿಸಿದೆವು, 13.2 ಸೆಕೆಂಡ್ ಬಂತು. 4800ನ್ನು 13.2ರಿಂದ ಭಾಗಿಸಿದರೆ 364. ಜಾಸ್ತಿ ಆಯಿತು. ಎಲ್ಲರೂ ತಲೆ ಕೆರೆದುಕೊಂಡರು. ಕೊನೆಗೆ ಆರನೇ ತರಗತಿಯ ಹುಡುಗಿ ಬೆರಳು ಮಡಚುತ್ತಾ, "20 ಪೆಟ್ಟಿನ ನಡುವೆ ಸಂದಿ 19 ಅಲ್ವಾ?" ಅಂದಳು. ಮೊದಲ ಪೆಟ್ಟನ್ನು ಸೊನ್ನೆ ಎಂದು ಹಿಡಿದು ಮತ್ತೆ ಬಡಿದೆವು. ಈ ಸಲ 13.9 ಸೆಕೆಂಡ್. ಭಾಗಿಸಿದಾಗ 345 ಬಂತು.